ಮರ್ಟಲ್ ಪೆಂಗೆಲಿ ಮತ್ತು ಮಿರ್ರಾಬಿನ್ನಿನ ಟೋಪಿಗಳು

ಮಿರ್ರಾಬಿನ್ನಿನಲ್ಲಿ ಹಳೆಯ ಟೋಪಿಯನ್ನು ಯಾರೂ ಎಸೆಯುತ್ತಿರಲಿಲ್ಲ. ಬೆದರುಬೊಂಬೆಗೂ ತೊಡಿಸುತ್ತಿರಲಿಲ್ಲ, ಆ ಊರಿನ ಬೆದರುಬೊಂಬೆಗಳೆಲ್ಲ ಬರಿತಲೆಯಲ್ಲೇ ಹಕ್ಕಿ ಓಡಿಸುತ್ತಿದ್ದವು. ಮೊಲದ ತುಪ್ಪಳದ ಟೋಪಿಯೊಂದು ಯಾವನೋ ಗೋಧಿ ಬೆಳೆಗಾರನ ತಲೆಯ ಮೇಲೆ ವರ್ಷಗಟ್ಟಲೆ ಬೆವರು ಕುಡಿದು, ಜಿಡ್ಡುಗಟ್ಟಿ, ಅಂಚು ಜೋತುಬಿದ್ದು, ಕೊನೆಗೆ ಅವನ ಹೆಂಡತಿ ‘ಇದನ್ನ ಹಾಕ್ಕೊಂಡು ನನ್ನ ಜೊತೆ ಪೇಟೆಗೆ ಬರಬೇಡ’ ಅಂದ ದಿನ ನೆಟ್ಟಗೆ ಪೆಂಗೆಲಿ ಮನೆ ಸೇರುತ್ತಿತ್ತು. ಅಲ್ಲಿ ಅದನ್ನು ಕತ್ತರಿಸಿ, ಜೇನುಮೇಣ ಮತ್ತು ಕುರಿಕೊಬ್ಬಿನಲ್ಲಿ ನೆನೆಸಿ, ಬಂದೂಕಿನ ಹೊಟ್ಟೆಯೊಳಗೆ ಇಡುತ್ತಿದ್ದರು.

ನಗಬೇಡಿ. ಯುದ್ಧ ಮುಗಿದ ಮೇಲೆ ಸೈನ್ಯ ತನಗೆ ಬೇಡವಾದ ತ್ರೀನಾಟ್‌ತ್ರೀ ಬಂದೂಕುಗಳನ್ನು ಕ್ವೀನ್ಸ್‌ಲ್ಯಾಂಡಿನ ಹಳ್ಳಿಹಳ್ಳಿಯ ಗುರಿ ಹೊಡೆಯುವ ಸಂಘಗಳಿಗೆ ಚಿಲ್ಲರೆ ಬೆಲೆಗೆ ಮಾರಿತ್ತು. ಮರಳುಗಾಡು, ಕಾಡು, ಕೆಸರು ಎಲ್ಲ ಕಂಡುಬಂದ ಮುದಿ ಬಂದೂಕುಗಳು. ಮನುಷ್ಯನನ್ನು ಹೆದರಿಸುವುದಕ್ಕೆ ಅವು ಸಾಕು. ಆರುನೂರು ಗಜ ದೂರದ ಕಪ್ಪು ಬೊಟ್ಟಿಗೆ ಒಂದರ ಹಿಂದೆ ಒಂದು ಗುಂಡು ಕೂರಿಸುವುದಕ್ಕೆ ಏನೇನೂ ಸಾಲವು. ಕಬ್ಬಿಣದ ನಳಿಗೆ ಮರದ ತೊಟ್ಟಿಲಲ್ಲಿ ಮಲಗಿರುತ್ತದೆ. ಮರವೋ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ನಳಿಗೆ ಇವತ್ತು ಒಂದು ಕಡೆ ಒರಗಿದರೆ ನಾಳೆ ಇನ್ನೊಂದು ಕಡೆ ಒರಗುತ್ತದೆ, ಗುಂಡು ತನಗೆ ತೋಚಿದ ಕಡೆ ಹೋಗುತ್ತದೆ. ಹೊರಗಿನಿಂದ ಬಂದೂಕು ಸೈನ್ಯದಿಂದ ಬಂದ ಹಾಗೇ ಕಾಣಬೇಕು ಅಂತ ಸಂಘಗಳ ನಿಯಮ. ಒಳಗೆ ಏನು ಮಾಡಿಕೊಂಡರೂ ಕೇಳುವವರಿಲ್ಲ. ಹಾಗಾಗಿ ಇರುವ ವಿದ್ಯೆಯೆಲ್ಲ ಒಳಗೇ. ಮರ ಬಿಚ್ಚಿ, ಸವೆದಲ್ಲಿ ಗಟ್ಟಿಮರದ ತುಂಡು ಕೂರಿಸಿ, ನಳಿಗೆಯ ಕೆಳಗೆ ಸರಿಯಾದ ಜಾಗದಲ್ಲಿ ಟೋಪಿಯ ತುಂಡಿನ ಒತ್ತು ಕೊಡಬೇಕು. ಒತ್ತು ಕೂತರೆ ಅದೇ ಮುದಿ ಬಂದೂಕು ಮಗುವಿನ ಹಾಗೆ ಹೇಳಿದ ಮಾತು ಕೇಳುತ್ತದೆ.

ಆ ಸೀಮೆಯಲ್ಲಿ ಒತ್ತು ಕೂರಿಸುವವನು ಅಂದರೆ ಸಿರಿಲ್ ಪೆಂಗೆಲಿ. ಗಾಡಿ ಚಕ್ರ ಮಾಡುವ ಕಸುಬಿನವನು, ಮಾತಿಗಿಂತ ನಗೆ ಜಾಸ್ತಿ, ನಗೆಗಿಂತ ಪೈಪಿನ ಹೊಗೆ ಜಾಸ್ತಿ. ಅವನ ಹೆಂಡತಿ ಮರ್ಟಲ್, ಕುದುರೆ ಜೀನು ಹೊಲಿಯುವವನ ಮಗಳು. ಶನಿವಾರ ಶನಿವಾರ ಗುರಿಮೈದಾನದ ತಗಡಿನ ಚಹಾಮನೆಯಲ್ಲಿ ಚಹಾ ಬಗ್ಗಿಸುತ್ತ, ಕುಂಬಳ ಹಾಕಿ ಸುಟ್ಟ ಸ್ಕೋನ್ ಬನ್ನು ಹಂಚುತ್ತ ಇರುತ್ತಿದ್ದ ಗಟ್ಟಿಮುಟ್ಟಾದ ಹೆಂಗಸು. ಊರಿಗೆ ಗೊತ್ತಿದ್ದದ್ದು ಇಷ್ಟು.

ಊರಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಸಿರಿಲ್‌ಗೆ ಕೀಲುವಾತ ಹಿಡಿದು ಕೈಬೆರಳುಗಳು ಬೇರಿನ ಹಾಗೆ ಸೊಟ್ಟಗಾಗಿ ಎಷ್ಟೋ ವರ್ಷವಾಗಿತ್ತು. ಸೊಟ್ಟ ಬೆರಳನ್ನು ಊರು ಕಂಡಿತ್ತು, ಅವು ಉಳಿಯನ್ನೂ ಹಿಡಿಯಲಾರವು ಅಂತ ಯಾರೂ ಎಣಿಸಿರಲಿಲ್ಲ. ಮೊದಮೊದಲು ಅವನು ಬಾಯಲ್ಲಿ ಹೇಳಿದ, ಮರ್ಟಲ್ ಕೈಯಲ್ಲಿ ಮಾಡಿದಳು. ಆಮೇಲೆ ಹೇಳುವುದಕ್ಕೂ ಏನೂ ಉಳಿಯಲಿಲ್ಲ. ಬಾಲ್ಯದಿಂದ ಚರ್ಮದ ದಪ್ಪ ತೆಳುವನ್ನು ಹೆಬ್ಬೆರಳಿನಲ್ಲೇ ಅಳೆದು ಬೆಳೆದವಳು ಅವಳು. ಅಡುಗೆಮನೆಯ ಮೇಜಿನ ಮೇಲೆ ಹಳೆ ಕಂಬಳಿ ಹಾಸಿ, ಬಂದೂಕಿನ ಮರ ಬಿಚ್ಚಿ, ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಕಣ್ಣಿಗೆ ಕಾಡಿಗೆ ತೀಡುವಷ್ಟು ತೆಳುವಾಗಿ ನಳಿಗೆಗೆ ಸವರುತ್ತಿದ್ದಳು. ಮರವನ್ನು ಮತ್ತೆ ಕೂರಿಸಿ ತೆಗೆದರೆ ಎಲ್ಲಿ ತಗಲುತ್ತದೋ ಅಲ್ಲಿ ಕಪ್ಪು ಅಂಟಿರುತ್ತಿತ್ತು. ಅಲ್ಲಿ ಉಳಿಯ ತುದಿಯಿಂದ ಒಂದು ಎಳೆ ಕೆರೆಯುವುದು. ಮತ್ತೆ ಮಸಿ, ಮತ್ತೆ ಕೆರೆತ. ಗುನುಗುತ್ತಿದ್ದದ್ದು ಚರ್ಚಿನ ಹಾಡು. ಕೊನೆಗೆ ಸಿಗರೇಟು ಸುತ್ತುವ ಕಾಗದವನ್ನು ನಳಿಗೆಯ ಕೆಳಗೆ ತೂರಿಸಿ ಎಳೆದು, ಒತ್ತು ಇರುವ ಜಾಗದಲ್ಲಿ ಅದು ಗಕ್ಕನೆ ನಿಂತರೆ, ಬೆರಳ ಗೆಣ್ಣಿನಿಂದ ಮರವನ್ನೊಮ್ಮೆ ಬಡಿದು ಕೇಳುತ್ತಿದ್ದಳು. ಆ ಸದ್ದಿನಲ್ಲಿ ಅವಳಿಗೆ ಏನು ಕೇಳಿಸುತ್ತಿತ್ತೋ ದೇವರಿಗೇ ಗೊತ್ತು. ಸರಿ ಅಂದರೆ ಸರಿ.

ಬಂದೂಕು ಒಯ್ಯಲು ಬಂದವನಿಗೆ ಅದನ್ನು ಕೊಡುತ್ತಿದ್ದವನು ಸಿರಿಲ್. ‘ಆಗಿದೆ’ ಅಂತ ಒಂದೇ ಮಾತು.

ಅವನು ಸುಳ್ಳ ಅಂತ ನೀವು ತಿಳಿದರೆ ನನಗೆ ಸಿಟ್ಟು ಬರುತ್ತದೆ. ಹೊಸ ರಾಣಿಯ ಪಟ್ಟಾಭಿಷೇಕವಾದ ವರ್ಷ ಮಿರ್ರಾಬಿನ್ ಸಂಘ ಪಕ್ಕದ ಕಾರ್ಬೆಲ್ಲಾದವರನ್ನು ಹೊಡೆದು ಜಿಲ್ಲಾ ಫಲಕ ಗೆದ್ದಾಗ, ಗೆದ್ದವರನ್ನು ಕುರ್ಚಿಯಲ್ಲಿ ಹೊತ್ತು ಮೆರೆಸುವ ನಮ್ಮ ಪದ್ಧತಿಯಂತೆ ಹುಡುಗರು ಸಿರಿಲ್‌ನನ್ನು ಚಹಾಮನೆಯ ಕುರ್ಚಿಯಲ್ಲಿ ಕೂರಿಸಿ ಹೆಗಲಿಗೇರಿಸಿದ್ದರು. ಎಲ್ಲರ ಬಂದೂಕಿಗೂ ಒತ್ತು ಕೊಟ್ಟವನು ಅವನಲ್ಲವೇ. ಅವನು ಮೇಲಿನಿಂದ ಸೊಟ್ಟ ಕೈ ಬೀಸಿ, ‘ಇಳಿಸ್ರೋ, ಇದು ನನ್ನ ಕೆಲಸ ಅಲ್ಲ, ಮರ್ಟಲ್ ಕೆಲಸ’ ಅಂತ ಕೂಗಿದ. ಎಲ್ಲರೂ ಹೋ ಅಂತ ನಕ್ಕರು. ಹೆಂಡತಿಗೆ ಹೆದರುವ ಗಂಡಂದಿರ ಬಗ್ಗೆ ಕಟುಕ ಡಾರ್ಸಿ ಮಲೋನ್ ಒಂದು ಜೋಕು ಹೊಡೆದ, ಇನ್ನೂ ಜೋರಾಗಿ ನಕ್ಕರು. ಮರ್ಟಲ್ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತು ಅವನ ಮುಖ ನೋಡಿದಳು. ಮನೆಗೆ ಹೋದ ಮೇಲೆ ಅವನು ಮತ್ತೆ ಹೇಳಲಾ, ಸರಿಯಾಗಿ ಹೇಳಲಾ ಅಂತ ಕೇಳಿದ. ಬೇಡ ಅಂದವಳು ಅವಳೇ. ಚಕ್ರ ಮಾಡುವ ಕಸುಬು ಆ ಕೈಗಳಿಂದ ಹೋಗಿತ್ತು, ಗುಂಡು ಹೊಡೆಯುವುದೂ ಹೋಗಿತ್ತು. ಉಳಿದದ್ದು ಇದೊಂದು ಹೆಸರು. ಅದನ್ನೂ ಕಿತ್ತುಕೊಂಡು ತಾನು ಏನು ಮಾಡಬೇಕು ಅಂತ ಅವಳು ಅವತ್ತು ಗಂಡನ ಬಾಯಿಗೆ ಬೀಗ ಹಾಕಿದಳು.

ಸಿರಿಲ್ ತೀರಿಕೊಂಡದ್ದು ಒಂದು ಬೇಸಿಗೆಯ ಕೊನೆಯಲ್ಲಿ. ಅವನ ಬಂದೂಕನ್ನು ಸಂಘದವರು ಚಹಾಮನೆಯ ಗೋಡೆಗೆ ಹಿತ್ತಾಳೆಯ ಹೆಸರುಫಲಕದ ಜೊತೆ ತೂಗುಹಾಕಿದರು. ಅಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ನಮ್ಮವರಿಗೆ ಸತ್ತವರ ಮೇಲೆ ಗೌರವ ಬಂದರೆ ಅದಕ್ಕೆ ಅಳತೆ ಇರುವುದಿಲ್ಲ. ಸಿರಿಲ್ ಕೊನೆಯದಾಗಿ ಮುಟ್ಟಿದ ಮರವನ್ನು ಇನ್ನು ಯಾರೂ ಬಿಚ್ಚಬಾರದು ಅಂತ ಅವರೇ ತೀರ್ಮಾನ ಮಾಡಿಕೊಂಡರು. ಡಾರ್ಸಿಯಂತೂ ತನ್ನ ಬಂದೂಕಿನ ಮರವನ್ನು ಬಿಗಿಹಿಡಿಯುವ ಮುಖ್ಯ ತಿರುಪಿನ ಮೇಲೆ ಕೆಂಪು ಬಣ್ಣ ಬಳಿದು ಮುದ್ರೆ ಹಾಕಿಬಿಟ್ಟ. ಅವನನ್ನು ನೋಡಿ ಉಳಿದವರೂ ಬಳಿದರು. ಗೋಡೆಯ ಮೇಲಿದ್ದ ಸಿರಿಲ್‌ನದೂ ಸೇರಿ ಸಂಘದ ಅಷ್ಟೂ ಬಂದೂಕುಗಳ ಹೊಟ್ಟೆಯಲ್ಲಿ ಕೆಂಪು ಬೊಟ್ಟು.

ಬಣ್ಣ ಬಳಿದರೆ ಮರ ಸುಮ್ಮನಿರುತ್ತದೆಯೇ? ಆ ವರ್ಷ ಪಶ್ಚಿಮದ ಒಣಗಾಳಿ ತಿಂಗಳುಗಟ್ಟಲೆ ಬೀಸಿತು. ಮರ ಕುಗ್ಗಿತು, ಒತ್ತಿನ ಕೊಬ್ಬು ಆರಿ ಟೋಪಿಯ ತುಂಡು ಒಣರೊಟ್ಟಿಯಂತಾಯಿತು. ಚಹಾಮನೆಯ ಗೋಡೆಗೆ ಅಂಟಿಸುತ್ತಿದ್ದ ಗುರಿಕಾಗದಗಳನ್ನು ಮರ್ಟಲ್ ಲೋಟ ಒರೆಸುತ್ತ ನೋಡುತ್ತಿದ್ದಳು. ತೂತುಗಳೆಲ್ಲ ಒಂದರ ಮೇಲೊಂದು, ಏಣಿ ಮೆಟ್ಟಿಲ ಹಾಗೆ ಮೇಲಕ್ಕೂ ಕೆಳಕ್ಕೂ. ಗಾಳಿ ತಪ್ಪಿಸಿದರೆ ಗುಂಡು ಪಕ್ಕಕ್ಕೆ ಹೋಗುತ್ತದೆ; ಹೀಗೆ ಏಣಿ ಹಾಕಿದರೆ ಅದು ಸಡಿಲವಾದ ಮರದ್ದೇ ಕೆಲಸ. ಅವಳಿಗೆ ಅದು ಹಗಲಿನಷ್ಟು ಸ್ಪಷ್ಟ. ಗಂಡಸರೋ ಗುಂಡಿನ ಪೆಟ್ಟಿಗೆಯನ್ನು ಬೈದರು, ಕನ್ನಡಕ ಮಾಡಿಕೊಟ್ಟವನನ್ನು ಬೈದರು, ಸೂರ್ಯನನ್ನೂ ಬಿಡಲಿಲ್ಲ.

ಅವಳು ಬಾಯಿ ಬಿಟ್ಟು ಕೇಳಿಯೂ ನೋಡಿದಳು. ಸಿರಿಲ್‌ನ ಉಳಿ, ಮೇಣ ಎಲ್ಲ ಹಾಗೇ ಇದೆ, ಬಂದೂಕು ತಂದುಕೊಟ್ಟರೆ ಒಂದು ಸಲ ನೋಡುತ್ತೇನೆ ಅಂದಳು. ಡಾರ್ಸಿ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಒಳ್ಳೆಯ ಮನುಷ್ಯ, ಆ ಹೊತ್ತಿಗೆ ಅವನ ಕಣ್ಣಲ್ಲಿ ನೀರೂ ಇತ್ತು.

‘ನೀವು ತೊಂದ್ರೆ ತಗೋಬೇಡಿ ಮಿಸೆಸ್ ಪಿ. ಸಿರಿಲ್ ಕೈ ಇಟ್ಟಿದ್ದನ್ನ ನಾವು ಬಿಚ್ಚಿಸ್ತೀವಾ? ಸೋತ್ರೆ ಸೋಲ್ತೀವಿ.’

ಸೋತರು ಕೂಡ. ಸಿರಿಲ್ ಹಾಸಿಗೆ ಹಿಡಿದಿದ್ದ ವರ್ಷ ಮರ್ಟಲ್ ಯಾವ ಬಂದೂಕನ್ನೂ ಮುಟ್ಟಲಾಗದೆ ಜಿಲ್ಲಾ ಫಲಕ ಕಾರ್ಬೆಲ್ಲಾದ ಪಾಲಾಗಿತ್ತು. ಅವನು ಹೋದ ಈ ವರ್ಷ ಎರಡನೆಯ ಸಲ ಅವರೇ ಹೊಡೆದುಕೊಂಡು ಹೋದರು. ಮೂರು ವರ್ಷ ಸತತವಾಗಿ ಗೆದ್ದವರಿಗೆ ಫಲಕ ಶಾಶ್ವತ ಅಂತ ನಿಯಮ. ಅದು ಬರೀ ಬೆಳ್ಳಿ ತಗಡಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಫಲಕ ಮಾಡಿಸಿಕೊಟ್ಟದ್ದು ಮಿರ್ರಾಬಿನ್ನೇ; ಯುದ್ಧದಿಂದ ವಾಪಸು ಬಾರದ ತನ್ನ ಹುಡುಗರ ಹೆಸರುಗಳನ್ನು ಅದರ ಅಂಚಿನಲ್ಲಿ ಕೊರೆಸಿತ್ತು. ಅವರಲ್ಲೊಬ್ಬ ಸಂಘದ ನಾಯಕ ಹರ್ಬ್ ಕ್ರೂಗರ್‌ನ ಮಗ. ಆ ಹೆಸರು ಕಾರ್ಬೆಲ್ಲಾದ ಹೋಟೆಲಿನಲ್ಲಿ ಬಿಯರ್ ಬಾಟಲಿಗಳ ಮೇಲುಗಡೆ ನೇತಾಡುವುದನ್ನು ನೆನೆದರೆ ಹರ್ಬ್‌ನ ಮುಖ ಸುಣ್ಣ ಬಳಿದಂತಾಗುತ್ತಿತ್ತು. ಅವನು ಚಹಾಕ್ಕೆ ಸಕ್ಕರೆ ಹಾಕಿಕೊಂಡು, ಹಾಕಿದ್ದು ಮರೆತು ಮತ್ತೆ ಹಾಕಿಕೊಳ್ಳುತ್ತಿದ್ದ.

ಮರುವರ್ಷ, ಮೂರನೆಯ ಪಂದ್ಯಕ್ಕೆ ತಿಂಗಳು ಬಾಕಿ ಇರುವಾಗ ಮರ್ಟಲ್ ತನ್ನೊಳಗೇ ಒದ್ದಾಡಿಹೋದಳು. ಸುಮ್ಮನಿದ್ದರೆ ಆ ಮಕ್ಕಳ ಹೆಸರು ಊರು ಬಿಟ್ಟು ಹೋಗುತ್ತದೆ. ಬಾಯಿ ಬಿಟ್ಟರೆ ಸಿರಿಲ್‌ನ ಹೆಸರು ಹೋಗುತ್ತದೆ, ಅದೂ ಅವನು ಎದ್ದು ಬಂದು ಒಂದು ಮಾತು ಹೇಳಲಾರದ ಕಾಲದಲ್ಲಿ. ಬಾಗಿಲ ಹಿಂದಿನ ಗೂಟದಲ್ಲಿ ವರ್ಷಗಟ್ಟಲೆ ಹಾಕಿ ಜಿಡ್ಡು ಹಿಡಿದಿದ್ದ ಅವನ ಭಾನುವಾರದ ಟೋಪಿ ಹಾಗೇ ನೇತಾಡುತ್ತಿತ್ತು. ಅದರ ಜೊತೆ ಅವಳು ಮಾತಾಡಿದಳು, ಜಗಳವಾಡಿದಳು. ‘ಎಲ್ಲಾ ನಿನ್ನಿಂದಲೇ’ ಅಂತಲೂ ಅಂದಳು, ತಪ್ಪು ತನ್ನದು ಅಂತ ಗೊತ್ತಿದ್ದೂ.

ಮುಂದಿನ ಶನಿವಾರ ಮಧ್ಯಾಹ್ನ ಗಂಡಸರೆಲ್ಲ ಚಹಾಕ್ಕೆ ಬಂದು ಕೂತಿದ್ದಾಗ ಅವಳು ಕೆಟಲ್ ಕೆಳಗಿಟ್ಟು, ಸ್ಟೂಲು ಹತ್ತಿ, ಗೋಡೆಯ ಮೇಲಿನ ಸಿರಿಲ್‌ನ ಬಂದೂಕನ್ನು ಇಳಿಸಿದಳು. ಸ್ಕೋನಿನ ತಟ್ಟೆ ಸರಿಸಿ ಮೇಜಿನ ಮೇಲೆ ಮಲಗಿಸಿದಳು. ಬಂದೂಕಿನ ಕೀಲು ಎಳೆದು ಒಳಗೆ ನೋಡಿದಳು, ಗುಂಡಿರಲಿಲ್ಲ. ಏಪ್ರನ್ನಿನ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮುಖ್ಯ ತಿರುಪಿಗೆ ಕೊಟ್ಟು ತಿರುಗಿಸಿದಳು. ಕೆಂಪು ಬಣ್ಣ ಸಿಪ್ಪೆಯಾಗಿ ಮೇಜುಬಟ್ಟೆಯ ಮೇಲೆ ಉದುರಿತು.

ಡಾರ್ಸಿ ಕುರ್ಚಿ ಬಿಟ್ಟೆದ್ದ. ‘ಮಿಸೆಸ್ ಪಿ! ಅದು ಸಿರಿಲ್ ಕೈಯಿಂದ ಆದದ್ದು.’

‘ಅಲ್ಲ ಡಾರ್ಸಿ, ನನ್ನ ಕೈಯಿಂದ ಆದದ್ದು,’ ಅಂದಳು ಅವಳು, ತಲೆ ಎತ್ತದೆ. ‘ನಿನ್ನ ಬಂದೂಕೂ ಅಷ್ಟೆ. ಎಲ್ಲರದೂ ಅಷ್ಟೆ. ಅವನ ಕೈಯಲ್ಲಿ ಚಮಚ ನಿಲ್ತಿರ್ಲಿಲ್ಲ ಕಣಪ್ಪ, ಉಳಿ ಎಲ್ಲಿಂದ ನಿಲ್ಬೇಕು?’

ಮರ ಬಿಚ್ಚಿಕೊಂಡಿತು. ಒಳಗಿನ ಒತ್ತನ್ನು ಎತ್ತಿ ಹಿಂಡಿದಳು; ಅದು ಪುಡಿಪುಡಿಯಾಗಿ ತಟ್ಟೆಗೆ ಬಿತ್ತು. ನೀವು ಕಾಪಾಡಿಕೊಂಡು ಬಂದಿರುವುದು ಇದನ್ನು ಅಂತ ಹೇಳಿದಳು.  

ಡಾರ್ಸಿಯ ಕಿವಿ ಕೆಂಪೇರಿತ್ತು. ಬೇರೆಯವರನ್ನು ನಗಿಸುವವರಿಗೆ ಮೋಸ ಹೋದೆ ಅನ್ನಿಸಿದರೆ ಸಹಿಸುವುದು ಕಷ್ಟ. ‘ಹಂಗಾದ್ರೆ ಇಷ್ಟು ವರ್ಷ ನಮಗೆ ಸುಳ್ಳು ಹೇಳ್ಕೊಂಡು ಬಂದ ಅವನು?’ ಅಂದ.

ಉತ್ತರ ಕೊಟ್ಟವನು ಹರ್ಬ್. ಮೂಲೆಯಲ್ಲಿ ಕೂತು ಚಹಾ ಕಲಕುತ್ತಲೇ ಇದ್ದ.

‘ಸುಳ್ಳು ಎಲ್ಲಿ ಹೇಳಿದ ಮಾರಾಯ? ಕುರ್ಚಿ ಮೇಲೆ ಕೂತ್ಕೊಂಡು ಊರಿಗೇ ಕೇಳೋ ಹಾಗೆ ನಿಜ ಹೇಳಿದ. ನಕ್ಕಿದ್ದು ನಾವು. ಎಲ್ಲರಿಗಿಂತ ಜೋರಾಗಿ ನೀನು.’

ಹರ್ಬ್‌ಗೆ ಗೊತ್ತಿತ್ತಂತೆ. ಸಂಘದ ಊಟದಲ್ಲಿ ಮರ್ಟಲ್ ಯಾರಿಗೂ ಕಾಣದ ಹಾಗೆ ಗಂಡನ ತಟ್ಟೆಯ ಮಾಂಸ ಕತ್ತರಿಸಿಕೊಟ್ಟು ತಟ್ಟೆ ಅದಲುಬದಲು ಮಾಡಿದ್ದನ್ನು ನೋಡಿದ ದಿನದಿಂದ ಗೊತ್ತಿತ್ತಂತೆ. ಹಾಗಿದ್ದೂ ಮಗನ ಹೆಸರು ಕೈಬಿಟ್ಟು ಹೋಗುತ್ತಿರುವಾಗ ಅವನು ಒಂದು ಮಾತು ಆಡಿರಲಿಲ್ಲ. ಯಾಕೆ ಅಂತ ಮರ್ಟಲ್ ಕೇಳಿದಳು. 

‘ನೀನು ಮುಚ್ಚಿಟ್ಟಿದ್ದನ್ನ ನಾನು ತೆಗೆಯೋದಾ ಮರ್ಟಲ್?’ ಅಂದ ಹರ್ಬ್. ‘ಅದು ನಿನ್ನ ಮನೆ ಮಾತು. ನೀನಾಗೇ ತೆಗೀತೀಯೇನೋ ಅಂತ ಕಾದೆ.’

 ಮರ್ಟಲ್ ಏಪ್ರನ್ನಿನ ಅಂಚಿನಲ್ಲಿ ಮುಖ ಒರೆಸಿಕೊಂಡು, ಸೋಮವಾರದೊಳಗೆ ಎಲ್ಲರೂ ಬಂದೂಕು ತಂದುಹಾಕಬೇಕು, ಜೊತೆಗೆ ಟೋಪಿ ಬೇಕು ಅಂತ ಅಪ್ಪಣೆ ಮಾಡಿದಳು. ವರ್ಷವಿಡೀ ಯಾರೂ ಟೋಪಿ ಕೊಡದೆ ಅವಳ ಪೆಟ್ಟಿಗೆ ಖಾಲಿಯಾಗಿತ್ತು. ಹೊಸ ಟೋಪಿ ಆಗದು. ಬೆವರಿನ ಜಿಡ್ಡು ಹಿಡಿದು ಹದವಾದದ್ದೇ ಬೇಕು. ಅಂಥದ್ದು ಇದ್ದದ್ದು ಅವರವರ ತಲೆಯ ಮೇಲೆ ಮಾತ್ರ. ಒಬ್ಬೊಬ್ಬರಾಗಿ ತೆಗೆದು ಮೇಜಿನ ಮೇಲಿಟ್ಟರು. ಡಾರ್ಸಿ ಮಾತ್ರ ಟೋಪಿ ಕೊಡದೆ ಎದ್ದುಹೋದ.

ಮರ್ಟಲ್‌ನ ಅಡುಗೆಮನೆಯಲ್ಲಿ ಆ ವಾರಗಳಲ್ಲಿ ಒಲೆ ಹತ್ತಿದ್ದು ಮೇಣ ಕರಗಿಸುವುದಕ್ಕೆ, ಚಹಾ ಕಾಸುವುದಕ್ಕೆ. ಅವಳು ಕೆಲಸ ಮಾಡುವುದನ್ನು ನೋಡಲು ಮೊದಲ ಸಲ ಗಂಡಸರು ಬಂದು ಬಾಗಿಲಲ್ಲಿ ನಿಂತರು. ಹೆಬ್ಬೆರಳಿನಿಂದ ಟೋಪಿಯ ತುಂಡನ್ನು ಒತ್ತಿ ನೋಡಿ, ಇದು ಸಾಲದು ಅಂತ ಪಕ್ಕಕ್ಕೆ ಹಾಕುವಾಗ ಆ ಟೋಪಿಯ ಒಡೆಯನ ಮುಖ ಸಪ್ಪೆಯಾಗುತ್ತಿತ್ತು. ಮಸಿ ಸವರುವುದು, ಕೆರೆಯುವುದು, ಕಾಗದ ಎಳೆಯುವುದು, ಗೆಣ್ಣಿನಿಂದ ಬಡಿಯುವುದು. ಹರ್ಬ್‌ನ ಬಂದೂಕಿನ ನಳಿಗೆ ಪೂರ್ತಿ ಸವೆದುಹೋಗಿದೆ, ಯಾವ ಒತ್ತಿಗೂ ಬಗ್ಗುವುದಿಲ್ಲ ಅಂತ ಗೊತ್ತಾದಾಗ ಅವಳು ಸಿರಿಲ್‌ನ ಬಂದೂಕನ್ನೇ ಅವನಿಗೆ ಒಪ್ಪಿಸಲು ನಿಶ್ಚಯಿಸಿದಳು. ಅಷ್ಟು ಹೊತ್ತಿಗೆ ಹದವಾದ ಟೋಪಿ ಒಂದೂ ಉಳಿದಿರಲಿಲ್ಲ. ಬಾಗಿಲ ಹಿಂದಿನ ಗೂಟದ ಹತ್ತಿರ ಹೋಗಿ ನಿಂತಳು. ತುಂಬ ಹೊತ್ತು ನಿಂತಳು. ಆಮೇಲೆ ಕತ್ತರಿ ತಂದಳು.

ಡಾರ್ಸಿ ಬಂದದ್ದು ಪಂದ್ಯಕ್ಕೆ ನಾಲ್ಕೈದು ದಿನ ಇರುವಾಗ. ಮೇಜಿನ ಮೇಲೆ ಬಂದೂಕು ಇಟ್ಟ, ಟೋಪಿ ಇಟ್ಟ, ಕಾಗದದಲ್ಲಿ ಸುತ್ತಿದ ಸಾಸೇಜಿನ ಪೊಟ್ಟಣವನ್ನೂ ಇಟ್ಟ. ತಿರುಪಿನ ಮೇಲಿನ ಕೆಂಪು ಬಣ್ಣವನ್ನು ತಾನೇ ಕೆರೆದು ತೆಗೆದಿದ್ದ.

‘ಅವತ್ತು ನಕ್ಕಿದ್ದು ತಪ್ಪಾಯ್ತು,’ ಅಂದ.  ಮರ್ಟಲ್ ಅವನನ್ನು ಕೂರಿಸಿ, ಅದೇ ಸಾಸೇಜ್ ಹುರಿದು ಕೊಟ್ಟಳು.

ಪಂದ್ಯದ ದಿನ ಮಿರ್ರಾಬಿನ್ ತಂಡ ಬರಿತಲೆಯಲ್ಲಿ ಮೈದಾನಕ್ಕೆ ಬಂತು. ಕಾರ್ಬೆಲ್ಲಾದವರು ಬಿದ್ದು ಬಿದ್ದು ನಕ್ಕರು. ಸೋತು ಸೋತು ಟೋಪಿಯನ್ನೂ ಮಾರಿಕೊಂಡಿರಾ ಅಂತ ಕೇಳಿದರು. ನಮ್ಮವರ ನೆತ್ತಿಗಳು, ಹುಟ್ಟಿದ ಮೇಲೆ ಬಿಸಿಲನ್ನೇ ಕಾಣದ ಬಿಳಿ ನೆತ್ತಿಗಳು, ಮಧ್ಯಾಹ್ನದ ಹೊತ್ತಿಗೆ ಟೊಮೇಟೊ ಬಣ್ಣಕ್ಕೆ ತಿರುಗಿದ್ದವು.  ಬಂದೂಕುಗಳೇ ಮಾತಾಡಿದವು. ಏಣಿ ಇಳಿದುಹೋಗಿತ್ತು, ಗುಂಡುಗಳು ಕಪ್ಪು ಬೊಟ್ಟಿನಲ್ಲಿ ಒತ್ತೊತ್ತಾಗಿ ಕೂರತೊಡಗಿದವು. ಕಾರ್ಬೆಲ್ಲಾದವರೂ ಸಾಮಾನ್ಯರಲ್ಲ. ಆರುನೂರು ಗಜದ ಸಾಲಿನಲ್ಲಿ ಕೊನೆಯವನಾಗಿ ಹರ್ಬ್ ಗುರಿಯಿಡಲು ಮಲಗಿದಾಗ, ಗೆಲ್ಲಬೇಕಾದರೆ ಅವನ ಒಂದು ಗುಂಡೂ ಕಪ್ಪು ಬೊಟ್ಟು ತಪ್ಪುವಂತಿರಲಿಲ್ಲ.

ಮರ್ಟಲ್ ಚಹಾಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ನೋಡಲಾರದೆ. ಅವಳು ಕಿವಿಯಲ್ಲೇ ನೋಡುತ್ತಿದ್ದಳು. ಒಂದೊಂದು ಗುಂಡಿಗೂ ಬಂದೂಕಿನ ಮರ ಕೊಡುವ ಸದ್ದು ಸಿಡಿತದ ಒಳಗೆ ಅವಳಿಗೆ ಬೇರೆಯಾಗಿ ಕೇಳುತ್ತಿತ್ತೋ ಏನೋ. ಕೊನೆಯ ಗುಂಡು ಹೋಯಿತು. ದೂರದಲ್ಲಿ ಗುರಿಹಲಗೆ ಗುಂಡಿಯೊಳಗೆ ಇಳಿದು, ಮತ್ತೆ ಮೇಲೆ ಬಂತು. ಗುಂಡು ಬಿದ್ದ ಜಾಗ ತೋರಿಸುವ ಬಿಳಿ ಬಿಲ್ಲೆ ಕಪ್ಪು ಬೊಟ್ಟಿನ ನಟ್ಟನಡುವೆ ಇತ್ತು.

ಆಮೇಲಿನ ಗದ್ದಲ ಹೇಳಿ ಪ್ರಯೋಜನವಿಲ್ಲ. ಹರ್ಬ್ ಎದ್ದು ಬಂದವನು ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಮಗನ ಹೆಸರಿನ ಮೇಲೆ ಬೆರಳಾಡಿಸುತ್ತ ಕೂತ. ಕುರ್ಚಿ ತಂದವನು ಡಾರ್ಸಿ. ನಾಯಕನಿಗೆ ಅಂತ ಎಲ್ಲರೂ ತಿಳಿದರು. ಹರ್ಬ್ ತಲೆಯಾಡಿಸಿ ಚಹಾಮನೆಯ ಕಡೆ ಕೈ ತೋರಿಸಿದ. ಮರ್ಟಲ್ ಕೈಯಲ್ಲಿ ಸ್ಕೋನಿನ ತಟ್ಟೆ ಇದ್ದಂತೆಯೇ, ಬೇಡ ಬೇಡ ಅನ್ನುತ್ತಿದ್ದಂತೆಯೇ ಅವಳನ್ನು ಕೂರಿಸಿ ಎತ್ತಿದರು. ಅಷ್ಟು ಎತ್ತರದಿಂದ ಅವಳಿಗೆ ಗುರಿಮೈದಾನ ಉದ್ದಕ್ಕೂ ಕಾಣಿಸಿತು, ಗೋಧಿಹೊಲ ಕಾಣಿಸಿತು. ಅವಳ ಮುಖ ಒಂದು ಗಳಿಗೆ ಹುಡುಗಿಯದಾಯಿತು.

‘ಇಳಿಸ್ರೋ,’ ಅಂದಳು. ‘ಇದು ನನ್ನೊಬ್ಬಳ ಕೆಲಸ ಅಲ್ಲ. ಹರ್ಬ್ ಹೊಡೆದ ಬಂದೂಕಲ್ಲಿರೋದು ಸಿರಿಲ್ ಟೋಪಿ.’

ಈ ಸಲ ಯಾರೂ ನಗಲಿಲ್ಲ. ಕುರ್ಚಿಯನ್ನು ಮೆಲ್ಲಗೆ ಕೆಳಗಿಳಿಸಿದರು. ಗೌರವಕ್ಕೆ ಟೋಪಿ ತೆಗೆಯಬೇಕು ಅಂತ ಗಂಡಸರ ಕೈಗಳೆಲ್ಲ ಒಟ್ಟಿಗೇ ತಲೆಗೆ ಹೋದವು, ಅಲ್ಲಿ ಸುಟ್ಟ ನೆತ್ತಿಯ ಹೊರತು ಏನೂ ಸಿಗಲಿಲ್ಲ. ಕೈ ಹಾಗೇ ತಲೆಯ ಮೇಲೆ ಇಟ್ಟುಕೊಂಡು ಅವರೆಲ್ಲ ಅವಳ ಮುಂದೆ ನಿಂತರು.